ಹೆಸರಿಡಲು ಹೋದ ಸೋದರತ್ತೆ

ಗಾಜಿನ ಕಿಂಡಿಯ ಮುಂದೆ

ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲಿ ಗಾಜಿನ ಕಿಂಡಿಯ ಹಿಂದೆ ಕುಳಿತಿದ್ದ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ತಿರುವಿ ಹಾಕಿ, ಯಾವ ಕೆಲಸದ ಮೇಲೆ ಬಂದಿರಿ ಎಂದು ಕೇಳಿದ. ಮದ್ದೂರಿನ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಕೂತು, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳಿ ಎಂದು ಮಕ್ಕಳನ್ನು ಗದರಿಸುತ್ತಲೇ ತಲೆ ನರೆತವಳು ನಾನು. ನೆಟ್ಟಗೇ ಹೇಳಿದೆ.

"ತಮ್ಮನ ಮಗಳ ಕಿವಿಯಲ್ಲಿ ಹೆಸರು ಹೇಳೋದಕ್ಕೆ ಬಂದಿದ್ದೇನೆ."

ಅವನಿಗೆ ನನ್ನ ಇಂಗ್ಲಿಷಿನ ಮೇಲೆ ಅನುಮಾನ ಬಂತು. ಇನ್ನೊಮ್ಮೆ ಕೇಳಿದ. ನಾನೂ ಅದನ್ನೇ ಇನ್ನೊಮ್ಮೆ ಹೇಳಿದೆ. ಪಕ್ಕದ ಕಿಂಡಿಯವನನ್ನು ಕರೆದ. ಅವನು, "ಫೋನಿನಲ್ಲೇ ಹೇಳಬಹುದಿತ್ತಲ್ಲ?" ಎಂದ. "ಆಗೋದಿಲ್ಲ. ಕಿವಿಗೆ ಬಾಯಿಟ್ಟು ಮೂರು ಸಲ ಹೇಳಬೇಕು. ಆಮೇಲೆ ಎಲ್ಲರಿಗೂ ಕೇಳೋ ಹಾಗೆ ಒಂದು ಸಲ," ಎಂದು ವಿವರಿಸಿದೆ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕು, ಆರು ತಿಂಗಳಿಗೆ ಮುದ್ರೆ ಒತ್ತಿದರು. ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ, ಅಷ್ಟು ದಿನ ನನಗೆ ಬೇಡ ಎಂದರೂ ಕೇಳಲಿಲ್ಲ.

ನನ್ನ ತಮ್ಮ ಚಂದ್ರಶೇಖರ ಆಚಾರ್, ನಮಗೆ ಚಂದ್ರು, ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಟೂಲ್ ಮೇಕರ್ ಆಗಿದ್ದವನು. ಈಗ ಸನ್ನಿವೇಲ್‌ನ ವರ್ಕ್‌ಶಾಪೊಂದರಲ್ಲಿ, ಕಂಪ್ಯೂಟರಿನ ಚಿಪ್ ತಯಾರಿಸುವ ಯಂತ್ರಗಳಿಗೆ ಬಿಡಿಭಾಗ ಕೊರೆಯುತ್ತಾನೆ. ಹೆಂಡತಿ ನೋರಾ ಐರ್ಲೆಂಡಿನವಳು, ನರ್ಸು. ಮಾರ್ಚಿನಲ್ಲಿ ಹೆಣ್ಣುಮಗು ಹುಟ್ಟಿತು. ನಮ್ಮ ಮನೆತನದಲ್ಲಿ ಹೆಸರು ಹೇಳುವವಳು ಸೋದರತ್ತೆ. ಸೋದರತ್ತೆಗೋ ಮೊದಲು ವೀಸಾ ಸಿಗಲಿಲ್ಲ, ಸಿಕ್ಕಾಗ ಪರೀಕ್ಷೆ ಶುರುವಾಗಿತ್ತು. ಆಸ್ಪತ್ರೆಯವರು ಮನೆಗೆ ಕಳಿಸುವ ಮುನ್ನ ಜನನಪತ್ರದಲ್ಲಿ ಹೆಸರು ತುಂಬಿ ಎಂದರೆ, ಚಂದ್ರು ಆ ಜಾಗವನ್ನು ಖಾಲಿ ಬಿಟ್ಟು, "ನಮ್ಮಕ್ಕ ಬರಬೇಕು" ಎಂದನಂತೆ. ಹೀಗಾಗಿ ಎರಡು ತಿಂಗಳಿನಿಂದ ಆ ಮಗುವಿನ ಚೀಟಿಗಳಲ್ಲೆಲ್ಲ ಇದ್ದ ಹೆಸರು ಬೇಬಿ ಗರ್ಲ್ ಆಚಾರ್. ಡಾಕ್ಟರ ಕ್ಲಿನಿಕ್ಕಿನಲ್ಲೂ ಹಾಗೇ ಕೂಗುತ್ತಿದ್ದರಂತೆ. ಇದನ್ನು ಕೇಳಿ ನನಗೆ ನಗು ಬಂತು, ಅದರ ಹಿಂದೆಯೇ ಹೆಮ್ಮೆಯೂ ಆಯಿತು.

ಲಿವರ್‌ಮೋರ್

ಮನೆ ಲಿವರ್‌ಮೋರಿನಲ್ಲಿ. ಬೋಳು ಗುಡ್ಡಗಳು, ಅವುಗಳ ಬುಡದಲ್ಲಿ ದ್ರಾಕ್ಷಿ ತೋಟಗಳು, ಒಂದೇ ಅಚ್ಚಿನಲ್ಲಿ ಒತ್ತಿದಂಥ ಮನೆಗಳು. ಗುಡ್ಡದ ಹುಲ್ಲು ಒಣಗಿದ್ದನ್ನು ಅಲ್ಲಿನವರು ಬಂಗಾರದ ಬಣ್ಣ ಎಂದು ಹೊಗಳುತ್ತಾರೆ. ನಮ್ಮ ಕಡೆ ಹೀಗೆ ಒಣಗಿದರೆ ಹಸುವಿಗೆ ಏನು ಹಾಕುವುದು ಎಂದು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತೇವೆ.

ಬಾಗಿಲಲ್ಲಿ ನಿಂತು ನನ್ನನ್ನು ಬರಮಾಡಿಕೊಂಡವರು ನೋರಾಳ ತಾಯಿ. ಮಗಳ ಬಾಣಂತನಕ್ಕೆ ಐರ್ಲೆಂಡಿನಿಂದ ಬಂದಿದ್ದರು. ಎಪ್ಪತ್ತರ ಹತ್ತಿರದ ಎತ್ತರದ ಹೆಂಗಸು, ಹತ್ತಿಯಂಥ ಕೂದಲು, ಕೈಯಲ್ಲಿ ಸದಾ ಚಹಾದ ಬಟ್ಟಲು. "ನಾನು ಅಬಿ," ಎಂದರು. ನನಗಿಂತ ಹಿರಿಯರನ್ನು ಅಬಿ ಗಿಬಿ ಎಂದು ಕರೆಯಲು ನನ್ನ ನಾಲಗೆ ಹೊರಳಲಿಲ್ಲ. ಸಂಬಂಧದಲ್ಲಿ ನೀವು ನನಗೆ ಬೀಗಿತ್ತಿ, ಹಾಗೇ ಕರೆಯುತ್ತೇನೆ ಎಂದೆ. ಆ ಮಾತು ಅವರಿಗೆ ಹಿಡಿಸಿತು. ಅವರು ನನ್ನನ್ನು ಟೀಚರ್ ಎಂದರು. ಆಕೆ ಮಾತಾಡುತ್ತಿದ್ದುದು ಇಂಗ್ಲಿಷೇ ಆದರೂ ಮೊದಲ ಎರಡು ದಿನ ನನಗೆ ಅರ್ಧ ತಿಳಿಯಲಿಲ್ಲ. ನನ್ನದು ಅವರಿಗೆ ಅಷ್ಟೂ ತಿಳಿಯಲಿಲ್ಲ. ಆದರೆ ಮಗುವಿಗೆ ನೀರು ಹಾಕುವಾಗ ಇಬ್ಬರಿಗೂ ಮಾತೇ ಬೇಕಾಗಲಿಲ್ಲ. ಬಾಣಂತಿಗೆ ತಣ್ಣೀರು ಮುಟ್ಟಿಸಬಾರದು ಎಂಬ ವಿಷಯದಲ್ಲಿ ನಾವು ಒಂದೇ ಪಕ್ಷ, ನೋರಾ ವಿರೋಧ ಪಕ್ಷ.

ನಾಮಕರಣ ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಎಂದಾಯಿತು. ಮೂರನೆಯ ದಿನ ನೋರಾ ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ ಪಕ್ಕದಲ್ಲೇ ಕೂತಳು.

"ಅಕ್ಕ, ನಮ್ಮಲ್ಲೂ ಒಂದು ಪದ್ಧತಿ ಇದೆ. ಮೊದಲ ಹೆಣ್ಣುಮಗುವಿಗೆ ತಾಯಿಯ ತಾಯಿಯ ಹೆಸರು."

"ಒಳ್ಳೇದೇ ಆಯ್ತಲ್ಲಮ್ಮ. ಅಬಿ."

"ಅದು ಅಮ್ಮನ ಹೆಸರೇ ಅಲ್ಲ. ಅವರ ಹೆಸರು ಗಾಬ್ನಿಟ್. ತುಂಬ ಹಳೆಯ ಹೆಸರು. ನಮ್ಮ ಜಿಲ್ಲೆ ಬಿಟ್ಟು ಆಚೆ ಯಾರೂ ಇಡಲ್ಲ, ಈಗ ನಮ್ಮ ಜಿಲ್ಲೆಯಲ್ಲೂ ಇಡಲ್ಲ. ಆ ಹೆಸರು ಅಮ್ಮನ ಜೊತೆಗೇ ಮುಗಿದುಹೋಗಬಾರದು."

ಅದೇ ಸಂಜೆ ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಚಂದ್ರು ಬಂದು ನಿಂತ.

"ಅಕ್ಕ, ಅನಿತ ಅಂತ ಹೇಳ್ಬಿಡಕ್ಕ. ನಮ್ಮೋರ್ ಬಾಯಿಗೂ ಬರುತ್ತೆ, ಇವರ್ ಬಾಯಿಗೂ ಬರುತ್ತೆ. ಇಲ್ಲಿ ಸ್ಕೂಲಲ್ಲಿ ಮಕ್ಕಳು ನಗಬಾರ್ದು, ಅಷ್ಟೇ ನಂಗೆ ಬೇಕಾಗಿರೋದು."

ಅವನು ಹಾಗೆ ಹೇಳಿದ್ದೇಕೆಂದು ನನಗೆ ಗೊತ್ತು. ನಮ್ಮಪ್ಪ ಊರ ಕಮ್ಮಾರರು. ಹೈಸ್ಕೂಲಿನಲ್ಲಿ ಇವನಿಗೆ ಕುಲುಮೆ ಚಂದ್ರ ಎಂದು ಹೆಸರಿಟ್ಟಿದ್ದರು. ಅಂಗಿಯಲ್ಲಿ ಇದ್ದಲಿನ ವಾಸನೆ ಇದೆಯೇ ಎಂದು ಮೂಸಿ ನೋಡಿಕೊಂಡು ಶಾಲೆಗೆ ಹೋಗುತ್ತಿದ್ದ.

ಮರುದಿನ ಹಿತ್ತಲಲ್ಲಿ ಬಟ್ಟೆ ಹರವುವಾಗ ಬೀಗಿತ್ತಿಯ ಸರದಿ.

"ಟೀಚರ್, ನೋರಾ ಹೇಳಿದ್ದು ಕೇಳಬೇಡಿ. ಯಾವ ಹೆಸರಾದರೂ ಇಡಿ, ನನ್ನದು ಮಾತ್ರ ಬೇಡ."

ಹದಿನೇಳನೇ ವಯಸ್ಸಿಗೆ ಲಂಡನ್ನಿನ ಆಸ್ಪತ್ರೆಗೆ ಕೆಲಸಕ್ಕೆ ಸೇರಿದಾಗ ಅಲ್ಲಿನ ನರ್ಸುಗಳ ಮೇಲಿನವಳು ಆ ಹೆಸರು ಕೇಳಿ ಎಲ್ಲರೆದುರು ಬಿದ್ದು ಬಿದ್ದು ನಕ್ಕಳಂತೆ. ಇದನ್ನು ಯಾರು ಹೇಳುತ್ತಾರೆ, ಇವತ್ತಿನಿಂದ ನೀನು ಅಬಿ ಎಂದಳಂತೆ. ಅಂದಿನಿಂದ ಅಬಿ. ಗಂಡನಿಗೂ ಅಬಿಯೇ. ಇದನ್ನು ಹೇಳುವಾಗ ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆ ಇತ್ತು. ಎಪ್ಪತ್ತರ ಹೆಂಗಸಿನ ಮುಖದಲ್ಲಿ ಆ ನಾಚಿಕೆ ಕಂಡು ನನಗೆ ಸಂಕಟವಾಯಿತು.

ಮೂವರೂ ಹೇಳಬೇಕಾದ್ದು ಹೇಳಿ ಹಗುರಾದರು. ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳು ಸೋದರತ್ತೆ.

ಸನ್ನಿವೇಲ್

ಶನಿವಾರ ಸನ್ನಿವೇಲ್‌ನಲ್ಲಿ ಚಂದ್ರುವಿನ ಪರಿಚಯದ ಕನ್ನಡದವರ ಮನೆಯಲ್ಲಿ ಊಟ. ಮನೆಯಾಕೆ ಶಾಲಿನಿ, ಮೈಸೂರಿನವರು, ಗಂಡ ಹೆಂಡತಿ ಇಬ್ಬರೂ ಎಂಜಿನಿಯರುಗಳು. ಅಪಾರ್ಟ್‌ಮೆಂಟಿನ ತುಂಬ ಜನ, ಬಿಸಿಬೇಳೆಬಾತಿನ ಘಮ. ಮಾತೆಲ್ಲ ಕಂಪನಿಗಳ ಮೇಲೆ. ಯಾರದೋ ಕಂಪನಿ ಹೋದ ತಿಂಗಳು ಹುಟ್ಟಿತಂತೆ, ಮುಂದಿನ ತಿಂಗಳು ಶೇರು ಬಿಡುತ್ತದಂತೆ. ಇಸವಿ ಎರಡು ಸಾವಿರ ಬಂದ ದಿನ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಯೇ ಇಲ್ಲವೇ ಎಂದು ಇಬ್ಬರು ಪಂಥ ಕಟ್ಟಿದ್ದರು. ಬರುವಾಗ ದಾರಿಯುದ್ದಕ್ಕೂ ಫ್ರೀವೇ ಪಕ್ಕದ ಹಲಗೆಗಳ ಮೇಲೆ ಆ ಕಂಪನಿಗಳ ಹೆಸರು ಓದಿದ್ದೆ. ಒಂದಕ್ಕೂ ತಲೆಬುಡವಿಲ್ಲ. ಮಗು ತೊದಲಿದಂಥ ಹೆಸರುಗಳು, ಎಲ್ಲಕ್ಕೂ ಡಾಟ್ ಕಾಮ್ ಎಂಬ ಬಾಲ. ಅವನ್ನು ಹೇಳುವಾಗ ಯಾರೂ ನಗುವುದಿಲ್ಲ, ದೇವರ ಹೆಸರಿನಷ್ಟೇ ಭಕ್ತಿಯಿಂದ ಹೇಳುತ್ತಾರೆ. ಲಂಡನ್ನಿನ ಆ ಮೇಲಿನವಳನ್ನು ಕರೆತಂದು ಇವನ್ನೆಲ್ಲ ಓದಿಸಬೇಕು ಅನ್ನಿಸಿತು.

ಶಾಲಿನಿ ನನಗೆ ಎರಡನೇ ಸಲ ಪಾಯಸ ಬಡಿಸುತ್ತ ಕೇಳಿದರು. "ನಿಮ್ ಫಾದರ್ ಏನ್ ಮಾಡ್ತಿದ್ರು ಆಂಟಿ?"

ನಾನು ಬಾಯಿ ತೆರೆಯುವ ಮೊದಲೇ ಚಂದ್ರು, "ಎಂಜಿನಿಯರಿಂಗ್ ಲೈನು," ಎಂದ. ಸುಳ್ಳಂತೂ ಅಲ್ಲ. ನೇಗಿಲ ಗುಳ, ಕುಡುಗೋಲು, ಎತ್ತಿನ ಲಾಳ, ಎಲ್ಲ ಎಂಜಿನಿಯರಿಂಗೇ. ನಾನು ಪಾಯಸ ಕುಡಿದೆ.

ಶಾಲಿನಿಯ ಮನೆಯಲ್ಲಿ ಇಟ್ಟಿಗೆಯಷ್ಟು ದಪ್ಪನೆಯ ಹೆಸರುಗಳ ಪುಸ್ತಕವಿತ್ತು. ಜಗತ್ತಿನ ಹೆಸರುಗಳೆಲ್ಲ ಇದರಲ್ಲಿವೆ ಎಂದರು. ನಾನು ಗಾಬ್ನಿಟ್ ಹುಡುಕಿಸಿದೆ. ಸಿಕ್ಕಿತು. ಅದರ ಮುಂದೆ, ಅಬಿಗೇಲ್ ನೋಡಿ ಎಂದಿತ್ತು. ಅಬಿಗೇಲ್ ನೋಡಿದರೆ, ಅಪ್ಪನ ಆನಂದ ಎಂದಿತ್ತು.

ಚಂದ್ರುವಿನ ಮುಖ ಅರಳಿತು. ವಾಪಸು ಬರುವಾಗ 680ನೇ ಫ್ರೀವೇ ಬಿಟ್ಟು ಲಿವರ್‌ಮೋರಿನ ಕಡೆ ತಿರುಗುವ ಹೊತ್ತಿಗೆ ಅರ್ಧ ಒಪ್ಪಿಬಿಟ್ಟಿದ್ದ. "ಅಪ್ಪನ ಆನಂದ ಅಂತೆ ಕಣಕ್ಕ. ಪರ್ವಾಗಿಲ್ಲ, ಅಲ್ವಾ? ಯಾರಾದ್ರೂ ಕೇಳಿದ್ರೆ ಹೇಳ್ಕೊಳ್ಳೋ ಹಾಗಿದೆ."

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಒಂದು ಹೆಸರಿನ ಅರ್ಥಕ್ಕೆ ಇನ್ನೊಂದು ಹೆಸರು ನೋಡಿ ಎನ್ನುವುದು, ಪಕ್ಕದವನ ಹಾಳೆ ಇಣುಕಿ ಉತ್ತರ ಬರೆದ ಹುಡುಗನ ಲಕ್ಷಣ. ಅಂಥ ಹಾಳೆಗಳನ್ನು ನಾನು ಸಾವಿರ ತಿದ್ದಿದ್ದೇನೆ.

ನಡೆಯುವವರಿಲ್ಲದ ರಸ್ತೆ

ಸೋಮವಾರ ಚಂದ್ರು ಕೆಲಸಕ್ಕೆ ಹೋದ ಮೇಲೆ, ತಾಯಿ ಮಗು ಮಲಗಿದ್ದಾಗ, ನಾನೂ ಬೀಗಿತ್ತಿಯೂ ನಡೆದು ಬರೋಣ ಎಂದು ಹೊರಟೆವು. ಕಾರಿನಲ್ಲಿ ಕೂತು ಕೂತು ಇಬ್ಬರ ಮಂಡಿಯೂ ಹಿಡಿದುಕೊಂಡಿತ್ತು. ಸೀರೆ, ಸ್ವೆಟರು, ಬೂಟು ತೊಟ್ಟ ನಾನು. ಉದ್ದ ಕೋಟು ತೊಟ್ಟ ಅವರು. ಮನೆಗಳ ಸಾಲು ಮುಗಿದದ್ದೇ ಫುಟ್‌ಪಾತೂ ಮುಗಿಯಿತು. ಆದರೂ ನಡೆದೆವು.

ಮೊದಲು ಒಬ್ಬ ಹೆಂಗಸು ಕಾರು ನಿಲ್ಲಿಸಿ, ನಿಮ್ಮ ಕಾರು ಕೆಟ್ಟಿದೆಯೇ ಎಂದಳು. ಆಮೇಲೆ ಒಬ್ಬ ಮುದುಕ ನಿಲ್ಲಿಸಿ, ದಾರಿ ತಪ್ಪಿದಿರಾ ಎಂದ. ಮೂರನೆಯದು ಪೊಲೀಸರ ಕಾರು. ಆ ಯುವಕ ಇಳಿದು ಬಂದು ಬಹಳ ಮೆಲ್ಲಗೆ, ನಿಮ್ಮ ಮನೆಯವರ ಫೋನ್ ನಂಬರ್ ನೆನಪಿದೆಯೇ ಎಂದು ಕೇಳಿದ. ನಾವು ನಡೆಯುತ್ತಿದ್ದೇವೆ ಎಂದೆವು. ಎಲ್ಲಿಗೆ ಎಂದ. ಎಲ್ಲಿಗೂ ಇಲ್ಲ ಎಂದೆವು. ಇದು ಅವನಿಗೆ ಇನ್ನಷ್ಟು ಅನುಮಾನ ತಂದಿತು. ಬೀಗಿತ್ತಿ ಏನೋ ಗಡಸಾಗಿ ಅಂದ ಮೇಲೆ ಹೊರಟುಹೋದ. ನಮ್ಮೂರಲ್ಲಿ ನಡೆಯುವವರನ್ನು ಹೀಗೆ ನಿಲ್ಲಿಸಿ ಕೇಳತೊಡಗಿದರೆ ಪೊಲೀಸರಿಗೆ ಊಟಕ್ಕೂ ಬಿಡುವು ಸಿಗದು.

ಆಗ ಬೇಲಿಯಾಚೆಯಿಂದ ಆ ಸದ್ದು ಕೇಳಿತು. ಕೆಂಪು ಕಬ್ಬಿಣದ ಮೇಲೆ ಮೂರು ಪೆಟ್ಟು, ಅದನ್ನಿಟ್ಟು ಬಡಿಯುವ ಬರಿಯ ಅಡಿಗಲ್ಲಿನ ಮೇಲೆ ಹಗುರವಾಗಿ ಎರಡು. ಕೈಗೆ ದಣಿವಾಗದಂತೆ ಕಮ್ಮಾರರು ನಡುನಡುವೆ ಹಾಕುವ ಖಾಲಿ ಪೆಟ್ಟು ಅದು. ಕೇಳಿದವರಿಗೆ ಮರೆಯುವುದಿಲ್ಲ. ನಾನು ಬೀಗಿತ್ತಿಯ ಕೈಹಿಡಿದು ಎಳೆದುಕೊಂಡೇ ಹೋದೆ.

ಕುದುರೆ ಲಾಯದ ಮುಂದೆ ಒಂದು ಸಣ್ಣ ಟ್ರಕ್ಕು, ಅದರ ಹಿಂಬದಿಯಲ್ಲಿ ಗ್ಯಾಸಿನಿಂದ ಉರಿಯುವ ಪೆಟ್ಟಿಗೆಯಷ್ಟು ಕುಲುಮೆ. ಗಾಳಿ ಊದುವ ತಿದಿ ಇಲ್ಲ, ಇದ್ದಲಿಲ್ಲ. ಆದರೆ ಅಡಿಗಲ್ಲು ಅದೇ, ಇಕ್ಕಳ ಅದೇ. ಚರ್ಮದ ಹೊದಿಕೆ ಕಟ್ಟಿಕೊಂಡು ಕುದುರೆಯ ಲಾಳ ಬಡಿಯುತ್ತಿದ್ದವಳು ಮೂವತ್ತರ ಆಸುಪಾಸಿನ ಹೆಂಗಸು. ತೋಳು ಒನಕೆಯ ಹಾಗಿತ್ತು. ನಮ್ಮನ್ನು ನೋಡಿ ತಲೆ ಆಡಿಸಿ ತನ್ನ ಕೆಲಸ ಮುಂದುವರಿಸಿದಳು.

ಬೀಗಿತ್ತಿ ಕದಲದೆ ನಿಂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನೋಡಿ ಟೀಚರ್, ಗಾಬ್ನಿಟ್," ಎಂದರು.

ಇವಳಿಗೂ ಅದೇ ಹೆಸರೇ ಎಂದು ನಾನು ಬೆಪ್ಪಾಗಿ ಕೇಳಿದೆ.

"ಹೆಸರಲ್ಲ, ಅರ್ಥ. ನಮ್ಮ ಭಾಷೆಯಲ್ಲಿ ಗೋಬ ಅಂದರೆ ಕಮ್ಮಾರ. ಗಾಬ್ನಿಟ್ ಅಂದರೆ ಪುಟ್ಟ ಕಮ್ಮಾರ್ತಿ. ಹಾಗಂತ ನನ್ನ ಅಜ್ಜಿ ಹೇಳುತ್ತಿದ್ದಳು."

ಬೇಲಿಗೆ ಒರಗಿಕೊಂಡು ಅವರು ಉಳಿದದ್ದನ್ನೂ ಹೇಳಿದರು. ಅವರ ಊರಿನಲ್ಲಿ ಆ ಹೆಸರಿನ ಸಂತ ಮಹಿಳೆಯೊಬ್ಬಳು ಬಾಳಿದ್ದಳಂತೆ. ಒಂಬತ್ತು ಬಿಳಿ ಜಿಂಕೆಗಳನ್ನು ಕಂಡಲ್ಲಿ ನೆಲೆಸು ಎಂದು ದೇವದೂತನ ಅಪ್ಪಣೆ, ಅವು ಕಂಡದ್ದು ಅಲ್ಲಿ. ಜೇನು ಸಾಕುತ್ತಿದ್ದಳು. ದನ ಕದಿಯಲು ಬಂದವರ ಮೇಲೆ ಜೇನುಹುಳುಗಳನ್ನು ಬಿಟ್ಟು ಓಡಿಸಿದಳು. ಅವಳ ಹಬ್ಬದ ದಿನ ಜನ ಅವಳ ವಿಗ್ರಹಕ್ಕೆ ರಿಬ್ಬನ್ ಹಿಡಿದು ಅಳತೆ ಮಾಡಿ ಮನೆಗೆ ಒಯ್ಯುತ್ತಾರೆ, ಕಾಯಿಲೆಯಾದವರಿಗೆ ಕಟ್ಟುತ್ತಾರೆ. ನಾವು ಹರಕೆಯ ದಾರ ಕಟ್ಟುವುದಿಲ್ಲವೇ, ಹಾಗೆ. ಅವಳ ಮನೆ ಎನ್ನುವ ಜಾಗವನ್ನು ಅಗೆದಾಗ ಕಬ್ಬಿಣದ ಕಿಟ್ಟ ಸಿಕ್ಕಿತಂತೆ. ಹಾಗಾಗಿ ಅಲ್ಲಿ ಬಹಳ ಹಿಂದೆ ಕಮ್ಮಾರರಿದ್ದದ್ದು ನಿಜ ಎನ್ನುತ್ತಾರೆ. ಇಂಗ್ಲಿಷರು ಬಂದ ಮೇಲೆ ಆ ಹೆಸರಿಗೆ ಬದಲು ಅಬಿಗೇಲ್ ಎಂದು ಬರೆದರು. ಜೇನಿನ ಕಾರಣಕ್ಕೆ ಕೆಲವರು ಡೆಬೋರಾ ಎಂದರು, ಆ ಹೆಸರಿಗೆ ಜೇನುಹುಳು ಎಂದು ಅರ್ಥವಂತೆ. ಪುಸ್ತಕದ ಅಪ್ಪನ ಆನಂದ ಎಲ್ಲಿಂದ ಬಂತೆಂದು ನನಗೆ ಆಗ ತಿಳಿಯಿತು.

"ಬೀಗಿತ್ತಿ, ನಮ್ಮಪ್ಪ ಕಮ್ಮಾರರು," ಎಂದೆ. "ಅಪ್ಪ ಇಕ್ಕಳದಲ್ಲಿ ಹಿಡಿದುಕೊಂಡರೆ ದೊಡ್ಡ ಸುತ್ತಿಗೆ ಹಾಕುತ್ತಿದ್ದವಳು ನಮ್ಮವ್ವ. ನಾನು ತಿದಿ ಒತ್ತುತ್ತಿದ್ದೆ."

ಅವರು ನನ್ನ ಅಂಗೈ ತೆಗೆದುಕೊಂಡು ತಿರುಗಿಸಿ ನೋಡಿದರು, ಸೀಮೆಸುಣ್ಣ ಹಿಡಿದ ಕೈಯಲ್ಲಿ ಇನ್ನೂ ಏನೋ ಉಳಿದಿರಬಹುದು ಎಂಬಂತೆ. ನನಗೆ ಉತ್ಸಾಹ ತಡೆಯಲಾಗಲಿಲ್ಲ. ನಾನೊಂದು ಪೆಟ್ಟು ಹಾಕಲೇ ಎಂದು ಆ ಹೆಂಗಸನ್ನು ಕೇಳಿಯೇಬಿಟ್ಟೆ. ಅವಳು ಕಾಯಿಸಿದ ಲಾಳವನ್ನು ಅಡಿಗಲ್ಲಿನ ಮೇಲೆ ಹಿಡಿದು ಸುತ್ತಿಗೆ ಕೊಟ್ಟಳು. ಸೆರಗು ಸಿಕ್ಕಿಸಿ ಬಡಿದೆ. ಮೊದಲನೆಯದು ಅಡಿಗಲ್ಲಿಗೆ ಬಿತ್ತು. ಎರಡನೆಯದು ಲಾಳಕ್ಕೆ ಬಿದ್ದು ಅದು ಸೊಟ್ಟಗಾಯಿತು. ಅವಳು ಅದನ್ನು ಮತ್ತೆ ಕಾಯಿಸಿ ನೆಟ್ಟಗೆ ಮಾಡಿದಳು. ಬೀಗಿತ್ತಿ ಮಾತ್ರ ಬೇಲಿ ಹಿಡಿದುಕೊಂಡು ನಕ್ಕರು.

ದಾರಿಯಲ್ಲಿ ಧೈರ್ಯ ಮಾಡಿ ಕೇಳಿದೆ. "ಆ ಹೆಸರು ಇಡಲೇ?"

ಅವರು ಕೋಟಿನ ಗುಂಡಿ ಹಾಕಿಕೊಂಡರು. "ನಾನು ಹೂಂ ಅನ್ನುವುದಿಲ್ಲ. ಬೇಡ ಅಂತಲೂ ಇನ್ನು ಅನ್ನುವುದಿಲ್ಲ. ನೀವು ಅತ್ತೆ, ನಿಮ್ಮ ಕೆಲಸ."

ಗ್ಯಾರೇಜು

ಆ ಸಂಜೆ ಚಂದ್ರು ಗ್ಯಾರೇಜಿನಲ್ಲಿ ತೊಟ್ಟಿಲಿಗೆ ಕೊಕ್ಕೆ ಉಜ್ಜುತ್ತಿದ್ದ. ಅಂಗಡಿಯ ಕೊಕ್ಕೆ ಒಪ್ಪದೆ ತಾನೇ ಮಾಡಿದ್ದ. ಅಪ್ಪನ ಆನಂದ ಎಂದೇ ಅವನು ತಿಳಿದುಕೊಂಡಿರಲಿ ಎಂದು ಬಿಟ್ಟುಬಿಟ್ಟರೆ ಎಲ್ಲ ಸುಸೂತ್ರವಾಗುತ್ತಿತ್ತು. ಮನಸ್ಸು ಒಂದು ಗಳಿಗೆ ಹಾಗೆ ಎಳೆಯಿತು. ಆದರೆ ಮಗುವಿನ ಕಿವಿಯಲ್ಲಿ ಹೇಳುವ ಮೊದಲ ಮಾತಿನ ಬೆನ್ನಿಗೆ ಒಂದು ಸುಳ್ಳನ್ನು ಕಟ್ಟುವುದು ನನ್ನಿಂದಾಗಲಿಲ್ಲ.

"ಲೋ ಚಂದ್ರು, ಆ ಪುಸ್ತಕದಲ್ಲಿರೋದು ಸರಿಯಿಲ್ಲ. ಗಾಬ್ನಿಟ್ ಅಂದ್ರೆ ಕಮ್ಮಾರ್ತಿ."

ಅರದ ಸದ್ದು ನಿಂತಿತು. "ಸುಮ್ನಿರಕ್ಕ, ತಮಾಷೆ ಮಾಡ್ಬೇಡ."

ತಮಾಷೆಯಲ್ಲ ಎಂದು ಎಲ್ಲ ಹೇಳಿದೆ. ಅವನ ಮುಖ ಸಣ್ಣದಾಯಿತು. "ಅಲ್ಲಿಂದ ಇಲ್ಲೀಗಂಟ ಬಂದಿದ್ದೀನಿ. ಇಲ್ಲೂ ಅದನ್ನೇ ಮಗಳ ಕೊರಳಿಗೆ ಕಟ್ಬೇಕಾ?"

ನನಗೆ ರೇಗಿತು. "ಅದನ್ನೇ ಅಂದ್ರೆ ಯಾವ್ದೋ? ನಿನ್ನ ಫೀಜು ಕಟ್ಟಿದ್ದು ಅವ್ವನ ಸುತ್ತಿಗೆ ಕಣೋ. ಎಂಟು ತಿಂಗಳ ಬಸುರಿ, ನಿನ್ನ ಹೊಟ್ಟೇಲಿಟ್ಕೊಂಡು ಸುತ್ತಿಗೆ ಹಾಕಿದ್ದನ್ನ ನಾನು ಕಂಡಿದ್ದೀನಿ. ಯಾರು ನಕ್ರೆ ಏನಂತೆ?"

ಅವನು ಮತ್ತೆ ಅರ ಕೈಗೆತ್ತಿಕೊಂಡ. ಎರಡು ದಿನ ನನ್ನೊಡನೆ ಮಾತು ಬಿಟ್ಟ. ಮೂರನೆಯ ದಿನ ಬೆಳಗ್ಗೆ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತು ಬೂಟಿನ ದಾರ ಕಟ್ಟಿಕೊಳ್ಳುತ್ತ, "ಅವ್ವ ಬಸುರಿಯಾಗಿದ್ದಾಗ ಸುತ್ತಿಗೆ ಹಾಕ್ತಿದ್ದದ್ದು ನನಗ್ಯಾರೂ ಹೇಳಿರ್ಲಿಲ್ಲ," ಎಂದ. "ನಿನ್ನಿಷ್ಟ ಬಂದ ಹೆಸರು ಹೇಳಕ್ಕ."

ಭಾನುವಾರ

ಲಿವರ್‌ಮೋರಿನ ದೇವಸ್ಥಾನದಲ್ಲಿ ಪೂಜೆ ಮಾಡಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಜನ ಸೇರಿದ್ದರು. ಸನ್ನಿವೇಲ್‌ನ ಶಾಲಿನಿ ಮತ್ತು ಅವರ ಸ್ನೇಹಿತರು, ಚಂದ್ರುವಿನ ವರ್ಕ್‌ಶಾಪಿನವರು, ನೋರಾಳ ಆಸ್ಪತ್ರೆಯ ನರ್ಸುಗಳು. ಕೊಕ್ಕೆಗೆ ತೊಟ್ಟಿಲು ತೂಗುಬಿಟ್ಟಾಗಿತ್ತು. ಬೀಗಿತ್ತಿ ಒಳ್ಳೆಯ ನೀಲಿ ಉಡುಪು ತೊಟ್ಟಿದ್ದರೂ ಮುಂದೆ ಬಂದು ಕೂರಲಿಲ್ಲ. ಚಹಾದ ಬಟ್ಟಲು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತರು.

ತಟ್ಟೆಯಲ್ಲಿ ಅಕ್ಕಿ ಹರಡಿ, ನೋರಾಳ ಉಂಗುರದಿಂದ ಕನ್ನಡದಲ್ಲಿ ಹೆಸರು ಬರೆದೆ. ಶಾಲಿನಿ ಬಗ್ಗಿ ಓದಿದರು.

"ಓ, ಆ ಹೆಸರೇನಾ? ಅಪ್ಪನ ಆನಂದ ಅಲ್ವಾ ಮೀನಿಂಗು?"

ನಾನು ಚಂದ್ರುವನ್ನು ನೋಡಲಿಲ್ಲ. ನೋಡಿದರೆ ಅವನಿಗೆ ಕಷ್ಟವಾಗುತ್ತದೆ ಎಂದು ಅಕ್ಕಿಯನ್ನೇ ನೋಡುತ್ತಿದ್ದೆ.

"ಅಲ್ಲ ಮೇಡಂ, ಕಮ್ಮಾರ್ತಿ ಅಂತ," ಎಂದಿತು ಅವನ ಧ್ವನಿ. "ನಮ್ಮಪ್ಪ ಅವ್ವ ಊರಲ್ಲಿ ಕುಲುಮೆ ನಡೆಸ್ತಿದ್ರು. ನಮ್ಮಕ್ಕ ತಿದಿ ಒತ್ತೋರು."

"ಹೌದಾ? ವೆರಿ ನೈಸ್," ಎಂದರು ಶಾಲಿನಿ. ಅಷ್ಟೇ. ಇಷ್ಟು ವರ್ಷ ಅವನು ಅಂಜಿಕೊಂಡಿದ್ದ ಮಾತು ಪಾಯಸ ಬಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಧಾರವಾಡದ ಅಜ್ಜಿಯೊಬ್ಬರು ನನ್ನ ಹಿಂದೆ ಬಂದು ಸೆರಗು ಬಿಗಿದರು. "ನಮ್ಮ ಕಡೆ ಅತ್ತಿ ಹೆಸರು ಹೇಳೂ ಮುಂದ ಬೆನ್ನಿಗೆ ಗುದ್ದತೀವ್ರಿ. ಸಿಟ್ಟು ಮಾಡ್ಕೋಬ್ಯಾಡ್ರಿ ಮತ್ತ!" ನರ್ಸುಗಳಿಗೂ ಅದನ್ನು ಯಾರೋ ತಿಳಿಸಿದರು. ಅವರು ತೋಳು ಮಡಚಿ ಉತ್ಸಾಹದಿಂದ ಸಾಲುಗಟ್ಟಿದರು.

ವೀಳ್ಯದೆಲೆ ಮರೆ ಹಿಡಿದು ಮಗುವಿನ ಕಿವಿಗೆ ಬಾಯಿಟ್ಟೆ. ಹಾಲು, ಸೀಗೆಪುಡಿಯ ವಾಸನೆ. ಮೂರು ಸಲ ಹೇಳಿದೆ, ಬೆನ್ನಿಗೆ ಬಿದ್ದ ಗುದ್ದುಗಳನ್ನು ಎಣಿಸಲಿಲ್ಲ. ಏನು ಹೆಸರು, ಏನು ಹೆಸರು ಎಂದು ಸುತ್ತ ಎಲ್ಲರೂ ಕೂಗಿದರು. ನಾನು ನೆಟ್ಟಗೆ ನಿಂತು, ಆಟದ ಬಯಲಿನ ಆ ತುದಿಗೆ ಕೇಳಿಸುವ ನನ್ನ ಗಂಟಲಲ್ಲಿ ಕೂಗಿ ಹೇಳಿದೆ.

"ಗಾಬ್ನಿಟ್!"

ಮಗು ನಿದ್ದೆಯಿಂದ ಏಳಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಬೀಗಿತ್ತಿ ತಟ್ಟನೆ, ಗಟ್ಟಿಯಾಗಿ, ತಮ್ಮ ಭಾಷೆಯಲ್ಲಿ ಏನೋ ಅಂದರು. ಚಿಕ್ಕ ಹುಡುಗಿಯ ಧ್ವನಿಯಲ್ಲಿ ಅಂದರು. ಅಂದವರೇ ಕೈಯಿಂದ ಬಾಯಿ ಮುಚ್ಚಿಕೊಂಡರು. ಎಲ್ಲರೂ ತಿರುಗಿ ನೋಡಿದರು.

"ಏನಂದ್ರಮ್ಮ?" ಎಂದು ನೋರಾಳನ್ನು ಕೇಳಿದೆ.

ಅವಳು ತಾಯಿಯನ್ನೇ ನೋಡುತ್ತಿದ್ದಳು, ಕಣ್ಣು ತುಂಬಿ ಹರಿಯುತ್ತಿತ್ತು.

"ಇಲ್ಲೇ ಇದ್ದೀನಿ, ಅಂದರು ಅಕ್ಕ."